ಕರಿನೀರಿಗೆ ಕುಟುಂಬಸಮೇತ

ದ್ವೀಪ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಕ್ಯಾಲೆಂಡರಿನ ಚಿತ್ರ. ನೀಲಿ ನೀರು, ಬಾಗಿದ ಒಂದು ತೆಂಗಿನ ಮರ, ಅದರ ಕೆಳಗೆ ಒಂದು ಖಾಲಿ ಕುರ್ಚಿ. ಆ ಕುರ್ಚಿಯಲ್ಲಿ ಕೂರುವವರು ಯಾರು? ಮಂಡಿನೋವಿನ ಅತ್ತೆಯವರೋ, ಮೊಸರಿಲ್ಲದೆ ಊಟ ಸೇರದ ಯಜಮಾನರೋ, ಗಂಟೆಗೊಮ್ಮೆ ಹಸಿವು ಅನ್ನುವ ಮೊಮ್ಮಗನೋ? ಇವರೆಲ್ಲರಿಗೂ ಬಡಿಸಿ ಕೈ ತೊಳೆದ ಮೇಲೆ ಹೊತ್ತು ಉಳಿದರೆ ನಾವೋ? ಅದನ್ನು ಚಿತ್ರ ಹೇಳುವುದಿಲ್ಲ. ಪ್ರವಾಸ ಕರೆದೊಯ್ಯುವ ಕಂಪನಿಯವರೂ ಹೇಳುವುದಿಲ್ಲ. ಐದು ದಿನ, ನಾಲ್ಕು ದ್ವೀಪ, ಬೆಳಗಿನ ತಿಂಡಿ ಸೇರಿ ಇಷ್ಟು ಎಂದು ಪಟ್ಟಿ ಕೊಟ್ಟು ಸುಮ್ಮನಾಗುತ್ತಾರೆ. ಹೊಸದಾಗಿ ಮದುವೆಯಾದವರಿಗೆ ಅಷ್ಟು ಸಾಕು. ಎಂಟು ಜನರ ಸಂಸಾರ ಹತ್ತು ದಿನ ಇದ್ದು ಬರಬೇಕೆಂದರೆ ಲೆಕ್ಕವೇ ಬೇರೆ.

ಹತ್ತು ದಿನ ಯಾಕಪ್ಪಾ ಅಂತೀರಾ? ಹೇಳ್ತೀನಿ ಕೇಳಿ. ನಾವಿರುವುದು ಪೀಣ್ಯದ ಪಕ್ಕ ದಾಸರಹಳ್ಳಿಯಲ್ಲಿ. ಯಜಮಾನರು ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಲೇತ್ ಮುಂದೆ ನಿಂತು ನಿವೃತ್ತರಾದವರು. ಮಗ, ಸೊಸೆ ವೈಟ್‌ಫೀಲ್ಡಿನ ಆಚೆ ಕಾಡುಗೋಡಿಯಲ್ಲಿ. ಮಗಳ ಸಂಸಾರ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಹೆಸರಿಗೆ ಎಲ್ಲರದ್ದೂ ಬೆಂಗಳೂರೇ. ಆದರೆ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗುವ ಹೊತ್ತಿಗೆ ನೀವು ತುಮಕೂರು ದಾಟಿ ತಿಪಟೂರಿನ ಹಾದಿ ಹಿಡಿದಿರುತ್ತೀರಿ. ಪೀಣ್ಯಕ್ಕೆ 2014ರಲ್ಲೇ ಮೆಟ್ರೋ ಬಂತು, ವೈಟ್‌ಫೀಲ್ಡಿಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ 2025ರಲ್ಲಿ. ಮೂರು ಮೂಲೆಗೂ ರೈಲು ಬಂತು, ಮಕ್ಕಳು ಮಾತ್ರ ಬರಲಿಲ್ಲ! ಹಬ್ಬಕ್ಕೆ ಬಂದರೂ ಊಟದ ತಟ್ಟೆ ಎತ್ತುವಷ್ಟರಲ್ಲಿ "ಅಮ್ಮಾ, ಲೇಟಾದ್ರೆ ಟ್ರಾಫಿಕ್ಕು" ಅಂತ ಚಪ್ಪಲಿ ಹುಡುಕುತ್ತಾರೆ. ಮಗನ ಮದುವೆಯಾಗಿ ಎಂಟು ವರ್ಷವಾಯಿತು, ಸೊಸೆಯೂ ನಾನೂ ಒಂದು ಪೂರಾ ವಾರ ಒಂದೇ ಸೂರಿನಡಿ ಇದ್ದದ್ದು ನನಗೆ ನೆನಪಿಲ್ಲ.

ದ್ವೀಪದ ಮಾತು ತೆಗೆದವಳು ಮಗಳು. "ಊಟಿಗೆ ಹೋದ್ರೆ ಮೂರನೇ ದಿನ ಯಾರಾದ್ರೂ ಒಬ್ರು ಆಫೀಸು ಅಂತ ವಾಪಸ್ ಓಡ್ತಾರೆ. ದ್ವೀಪದಿಂದ ಓಡಕ್ಕಾಗಲ್ಲ" ಅಂದಳು. ಅಂಡಮಾನ್ ಎಂಬ ಹೆಸರು ಕಿವಿಗೆ ಬಿದ್ದದ್ದೇ ತಡ, ಎಪ್ಪತ್ತಾರರ ಅತ್ತೆಯವರು ಜಪಸರ ಕೆಳಗಿಟ್ಟು, "ಕರಿನೀರಿಗೆ ಕಳಿಸೋಕೆ ನಾನೇನು ಕೊಲೆ ಮಾಡಿದ್ದೀನೇನೇ?" ಎಂದು ನನ್ನನ್ನೇ ಕೇಳಿದರು.

ಅಲ್ಲಿಗೇ ಹೋಗಬೇಕೆಂದು ಮೊದಲೇ ತೀರ್ಮಾನ ಆಗಿರಲಿಲ್ಲ. ನಮ್ಮ ಕರಾವಳಿಯಲ್ಲೇ ದ್ವೀಪಗಳಿಲ್ಲವೇ ಎಂದರು ಯಜಮಾನರು. ಇವೆ. ಮಲ್ಪೆಯಿಂದ ದೋಣಿಯಲ್ಲಿ ಅರ್ಧ ಗಂಟೆ ಹೋದರೆ ಸೇಂಟ್ ಮೇರೀಸ್ ದ್ವೀಪಗಳು. ಯಾರೋ ಕಡೆದು ನಿಲ್ಲಿಸಿದ ಹಾಗೆ ಸಾಲುಗಂಬದ ಕಲ್ಲುಗಳು. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದ ಲಾವಾ ತಣಿದು ಆದವು. ಆದರೆ ಅಲ್ಲಿ ರಾತ್ರಿ ಉಳಿಯುವಂತಿಲ್ಲ, ಮಳೆಗಾಲದಲ್ಲಿ ದೋಣಿಯೇ ಇಲ್ಲ. ಮುರುಡೇಶ್ವರದೆದುರಿನ ನೇತ್ರಾಣಿ ನೀರಿನೊಳಗೆ ಮುಳುಗಿ ಮೀನು ನೋಡುವವರ ಜಾಗ. ಕಾರವಾರದ ಕೂರ್ಮಗಡಕ್ಕೆ ಜನವರಿಯಲ್ಲಿ ನರಸಿಂಹ ಜಾತ್ರೆಗೆ ದೋಣಿಯಲ್ಲಿ ಹೋಗಿ ಕೈಮುಗಿದು ಬರುವುದು ಚೆಂದ. ಇವೆಲ್ಲ ಒಂದು ಹಗಲಿನ ದ್ವೀಪಗಳು. ನಮಗೆ ಬೇಕಾದದ್ದು ಒಗೆದ ಬಟ್ಟೆ ಒಣಗಿಸುವಷ್ಟು ದಿನ ಇರುವ ದ್ವೀಪ.

ಮಗನಿಗೆ ಮಾಲ್ಡೀವ್ಸ್ ಮೇಲೆ ಆಸೆ. ಅವನ ಆಫೀಸಿನವರು ಅರ್ಧಕ್ಕರ್ಧ ಹೋಗಿ ಬಂದಿದ್ದಾರಂತೆ. ಅತ್ತೆಯವರಿಗೂ ನಾದಿನಿಗೂ ಪಾಸ್‌ಪೋರ್ಟಿಲ್ಲ, ಮಾತು ಅಲ್ಲಿಗೇ ಮುಗಿಯಿತು. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಕೋಣೆಗಳ ಚಿತ್ರ ನೋಡಿದಾಗ ನನಗಂತೂ ಮೊಮ್ಮಗ ಕಾಲು ಜಾರುವುದೇ ಕಣ್ಣಿಗೆ ಕಟ್ಟುತ್ತಿತ್ತು.

ಲಕ್ಷದ್ವೀಪದ ಬಗ್ಗೆ ಮಾತ್ರ ಎರಡು ದಿನ ಚರ್ಚೆಯಾಯಿತು. ನಮಗೆ ಅದು ಅಷ್ಟೊಂದು ಪರಕೀಯವಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಕಚೇರಿ ವ್ಯವಹಾರವೆಲ್ಲ ಮಂಗಳೂರಿನಿಂದ! ಒಟ್ಟು 36 ದ್ವೀಪಗಳಲ್ಲಿ ಜನವಸತಿ ಇರುವುದು 10ರಲ್ಲಿ. ದ್ವೀಪದ ಸುತ್ತ ಹವಳದ ದಿಬ್ಬ ಕಟ್ಟೆಯ ಹಾಗೆ ನಿಂತಿರುವುದರಿಂದ ಒಳಗಿನ ನೀರು ಕೆರೆಯಷ್ಟು ಶಾಂತ. ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ನೀರು ನಮ್ಮ ದೇಶದಲ್ಲಿಲ್ಲ. ಆದರೆ ಹೊರಗಿನವರು ಯಾರೇ ಹೋದರೂ ಅನುಮತಿ ಪತ್ರ ಮೊದಲೇ ಪಡೆಯಬೇಕು. ಕೊಚ್ಚಿಯಿಂದ ಹಡಗಿನಲ್ಲಿ ಹೋದರೆ ಹಲವು ದ್ವೀಪಗಳಲ್ಲಿ ನಡುನೀರಿನಲ್ಲೇ ಹಡಗಿನಿಂದ ಚಿಕ್ಕ ದೋಣಿಗೆ ಇಳಿಯಬೇಕು. ದೋಣಿ ಅಲೆಗೆ ಮೇಲೇಳುತ್ತದೆ, ಕೆಳಗಿಳಿಯುತ್ತದೆ. ಸಮಯ ನೋಡಿ ಕಾಲಿಡಬೇಕು. ಮನೆಯ ಹೊಸ್ತಿಲು ದಾಟಲೂ ಗೋಡೆ ಹಿಡಿಯುವ ಅತ್ತೆಯವರನ್ನು ಅಲ್ಲಿ ಇಳಿಸುವವರು ಯಾರು? ಊಟಕ್ಕೂ ಅಲ್ಲಿ ಹೆಚ್ಚಾಗಿ ಮೀನು, ತೆಂಗು, ಅನ್ನ. ನಮ್ಮದು ಸಸ್ಯಾಹಾರದ ಮನೆ. ಗಟ್ಟಿ ಕಾಲಿನವರು, ಎಲ್ಲವನ್ನೂ ಉಣ್ಣುವವರು ಲಕ್ಷದ್ವೀಪವನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ.

ಹೀಗೆ ಉಳಿದದ್ದು ಕರಿನೀರು. ಬೆಂಗಳೂರಿನಿಂದ ನೇರ ವಿಮಾನ ಸಿಕ್ಕರೆ ಎರಡೂವರೆ ಗಂಟೆಯ ದಾರಿ, ಇಲ್ಲದಿದ್ದರೆ ಚೆನ್ನೈ ಮೂಲಕ. ಚೆನ್ನೈಯಿಂದ ಹಡಗೂ ಇದೆ, ಮೂರು ದಿನ ಹಿಡಿಯುತ್ತದೆ. ವಯಸ್ಸಾದವರಿಗೆ ಬೇಡ. ಪಟ್ಟಣಕ್ಕೆ, ಪ್ರವಾಸಿಗರು ಹೋಗುವ ಮುಖ್ಯ ದ್ವೀಪಗಳಿಗೆ ನಮ್ಮ ದೇಶದವರಿಗೆ ವಿಶೇಷ ಪರವಾನಗಿ ಬೇಕಿಲ್ಲ, ಗುರುತಿನ ಚೀಟಿಯ ಅಸಲು ಪ್ರತಿ ಕೈಲಿರಬೇಕು. ಹೆಸರುಗಳ ಗೊಂದಲವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಟಿಕೆಟ್ ಮಾಡಿಸುವಾಗ ತಬ್ಬಿಬ್ಬಾಗುತ್ತದೆ. 2018ರ ಡಿಸೆಂಬರಿನಲ್ಲಿ ಹ್ಯಾವ್‌ಲಾಕ್ ಸ್ವರಾಜ್ ದ್ವೀಪವಾಯಿತು, ನೀಲ್ ಶಹೀದ್ ದ್ವೀಪವಾಯಿತು. ನೇತಾಜಿಯವರು 1943ರಲ್ಲಿ ಅಲ್ಲಿ ಧ್ವಜ ಹಾರಿಸಿ ಇಟ್ಟ ಹೆಸರುಗಳಿವು. 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಅಲ್ಲಿನ ಜನರ ಬಾಯಲ್ಲಿ ಹಳೆಯದೂ ಹೊಸದೂ ಎರಡೂ ಓಡಾಡುತ್ತವೆ.

ಯಾವ ತಿಂಗಳು ಎನ್ನುವುದನ್ನು ಮಕ್ಕಳ ಶಾಲೆಯೇ ಗೊತ್ತುಮಾಡುತ್ತದೆ. ದಸರಾ ರಜೆ ಬೇಡ, ಆಗ ಅಲ್ಲಿ ಮಳೆ ಇರುತ್ತದೆ. ಕ್ರಿಸ್‌ಮಸ್ಸಿಗೆ ಹವೆ ಚೆನ್ನ, ಆದರೆ ಜನಜಾತ್ರೆ, ಬಾಡಿಗೆಯೂ ಏರಿರುತ್ತದೆ. ಮುಂಗಾರು ಕೇರಳಕ್ಕಿಂತ ಹತ್ತು ದಿನ ಮುಂಚೆಯೇ, ಮೇ ಮೂರನೇ ವಾರದ ಹೊತ್ತಿಗೆ ಅಂಡಮಾನಿಗೆ ಬಂದುಬಿಡುತ್ತದೆ. ಪರೀಕ್ಷೆ ಮುಗಿದ ಏಪ್ರಿಲ್ಲೇ ಸರಿ. ಸೆಕೆ ಇದೆ, ಆದರೆ ಸಮುದ್ರ ಶಾಂತ. ದೋಣಿಯಲ್ಲಿ ಹೊಟ್ಟೆ ತೊಳೆಸುವುದಕ್ಕಿಂತ ಜಗಲಿಯಲ್ಲಿ ಬೆವರುವುದು ಮೇಲು.

ಇನ್ನು ವಸತಿ. ಎಲ್ಲರೂ ಮೊದಲು ದ್ವೀಪ ಆರಿಸಿ ಆಮೇಲೆ ಮನೆ ಹುಡುಕುತ್ತಾರೆ. ಮಗಳು ಮನೆಯಿಂದಲೇ ಶುರುಮಾಡಿದಳು. ಮೂರು ಅಂತಸ್ತಿನಲ್ಲಿ ಮೂರು ಕೋಣೆ ಕೊಡುವ ಹೋಟೆಲಾದರೆ ಕಾಡುಗೋಡಿ, ಎಲೆಕ್ಟ್ರಾನಿಕ್ ಸಿಟಿ, ದಾಸರಹಳ್ಳಿಯನ್ನೇ ಸಮುದ್ರದ ಪಕ್ಕಕ್ಕೆ ಒಯ್ದ ಹಾಗಾಗುತ್ತದೆ ಎಂದು ಅವಳ ವಾದ. ಎಲ್ಲರೂ ಕೂರುವಂಥ ಒಂದು ಜಗಲಿ, ನೆಲಮಟ್ಟದ ಕೋಣೆಗಳು, ಒಂದು ಸಣ್ಣ ಅಡಿಗೆಮನೆ, ಇಷ್ಟಿರುವ ಮನೆ ಯಾವ ದ್ವೀಪದಲ್ಲಿ ಸಿಗುತ್ತದೋ ಆ ದ್ವೀಪ. ಫೋನಿನಲ್ಲಿ ಏನೇನು ಕೇಳಿದಳು ಗೊತ್ತೇ? ಜೆಟ್ಟಿಯಿಂದ ಎಷ್ಟು ದೂರ? ಬಾಗಿಲಿಗೆ ಎಷ್ಟು ಮೆಟ್ಟಿಲು? ಕಮೋಡಿನ ಪಕ್ಕ ಹಿಡಿದುಕೊಳ್ಳಲು ಏನಾದರೂ ಇದೆಯೇ? ಏಪ್ರಿಲಿನಲ್ಲಿ ಬಾವಿಯಲ್ಲಿ ನೀರಿರುತ್ತದೆಯೇ, ಟ್ಯಾಂಕರಿನದೋ? (ಅಲ್ಲಿ ಬೇಸಗೆಯಲ್ಲಿ ಸಿಹಿನೀರಿಗೆ ತೊಂದರೆಯುಂಟು.) ಕರೆಂಟು ಹೋದರೆ ಫ್ಯಾನಿಗೆ ಜನರೇಟರ್ ಇದೆಯೇ? ಸೊಳ್ಳೆಪರದೆ? ಮಾಲೀಕರ ಮನೆಯವರು ಪಕ್ಕದಲ್ಲೇ ಇರುತ್ತಾರೆಯೇ? ಈ ಕೊನೆಯ ಪ್ರಶ್ನೆಯನ್ನು ನೀವು ಮರೆಯಬೇಡಿ. ರಾತ್ರಿ ಎರಡು ಗಂಟೆಗೆ ಮಗುವಿಗೆ ಜ್ವರ ಬಂದರೆ ಎಬ್ಬಿಸಲು ಒಬ್ಬ ಹೆಂಗಸು ಪಕ್ಕದಲ್ಲಿರಬೇಕು.

ಮಧ್ಯಾಹ್ನ ಮೂರು ಗಂಟೆಗೆ ಫೋನ್ ಹಿಡಿದರೆ ಅರ್ಧ ಗಂಟೆ ಬಿಡುತ್ತಿರಲಿಲ್ಲ. "ಇವಳಿಗೆ ಇಷ್ಟು ಪುರುಸೊತ್ತು ಎಲ್ಲಿಂದ ಬಂತು ಅತ್ತಿಗೆ?" ಎಂದು ನಾದಿನಿ ಆಗಲೇ ಕೇಳಿದ್ದಳು. ನಾನು ಗಮನ ಕೊಟ್ಟಿರಲಿಲ್ಲ.

ಸಮುದ್ರಕ್ಕೆ ಮುಖ ಮಾಡಿದ ಕೋಣೆಗೆ ಹೆಚ್ಚು ದುಡ್ಡು ಕೊಡಬೇಡಿ ಎಂಬುದು ನನ್ನ ಖಂಡಿತ ಅಭಿಪ್ರಾಯ. ಸಮುದ್ರ ಎಲ್ಲರಿಗೂ ಒಂದೇ, ನಡೆದು ಹೋಗಿ ನೋಡಬಹುದು. ಅದೇ ದುಡ್ಡಿಗೆ ಎರಡು ದಿನ ಹೆಚ್ಚಿಗೆ ಇರಬಹುದು. ದಡದ ಮನೆಯಲ್ಲಿ ಬಟ್ಟೆ ಒಣಗುವುದಿಲ್ಲ, ಸಂಜೆ ಮರಳುನೊಣ ಕಚ್ಚುತ್ತದೆ. ಒಂದೆರಡು ಫರ್ಲಾಂಗು ಒಳಗೆ, ಮರಗಳ ನಡುವೆ ಇರುವ ಮನೆಯಲ್ಲಿ ಬಾಡಿಗೆಯೂ ಕಡಿಮೆ, ನಿದ್ದೆಯೂ ಬರುತ್ತದೆ.

ಸ್ವರಾಜ್ ದ್ವೀಪ ದೊಡ್ಡದು, ಹೋಟೆಲುಗಳು ಬಹಳ, ಹೆಸರಾಂತ ರಾಧಾನಗರ ಕಡಲತೀರ ಜೆಟ್ಟಿಯಿಂದ ಹತ್ತು ಹನ್ನೆರಡು ಕಿಲೋಮೀಟರು. ಶಹೀದ್ ದ್ವೀಪ ಚಿಕ್ಕದು, ಸಮತಟ್ಟು, ಎಲ್ಲಿಂದ ಎಲ್ಲಿಗೂ ಆಟೋದಲ್ಲಿ ಹದಿನೈದು ನಿಮಿಷ. ಭತ್ತ, ಬಾಳೆ, ಅಡಿಕೆ, ತರಕಾರಿ ಬೆಳೆಯುತ್ತಾರೆ. ಅಲ್ಲಿಯ ಸೋರೆ, ಬದನೆ, ಬೆಂಡೆ ಸುತ್ತಲ ದ್ವೀಪಗಳಿಗೆ ಹೋಗುತ್ತದೆ. ತರಕಾರಿ ಬೆಳೆಯುವ ಊರು ಎಂದ ಕೂಡಲೇ ಮನೆಯ ಹಿರಿಯರ ಮತ ಅದಕ್ಕೇ ಬಿತ್ತು. ಹಳ್ಳಿಗಳ ಹೆಸರು ಕೇಳಿ ಅತ್ತೆಯವರ ಕರಿನೀರಿನ ಭಯವೂ ಅರ್ಧ ಇಳಿಯಿತು: ಸೀತಾಪುರ, ಭರತಪುರ, ಲಕ್ಷ್ಮಣಪುರ, ರಾಮನಗರ. ಸ್ವರಾಜ್ ದ್ವೀಪದಲ್ಲಿ ಕೃಷ್ಣನ ಕಡೆಯ ಹೆಸರುಗಳು: ಗೋವಿಂದನಗರ, ರಾಧಾನಗರ, ಶ್ಯಾಮನಗರ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ಕಾಡು ಕಡಿದು ನೆಲೆಯಾದವರ ಹಳ್ಳಿಗಳು ಇವು.

ವಿಮಾನ ಬೆಳಗಿನದಾದರೆ ಹಿಂದಿನ ರಾತ್ರಿಯೇ ಎಲ್ಲರೂ ಒಂದೇ ಮನೆಯಲ್ಲಿ ಸೇರಿಕೊಳ್ಳಿ. ಎಲೆಕ್ಟ್ರಾನಿಕ್ ಸಿಟಿಯಿಂದ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಐವತ್ತು ಕಿಲೋಮೀಟರಿಗೂ ಮೇಲೆ, ಇಡೀ ಊರನ್ನು ಸೀಳಿಕೊಂಡು ಹೋಗಬೇಕು. ನಮ್ಮ ಮನೆಯಲ್ಲಿ ಎಂಟೂ ಜನ ಚಾಪೆ ಹಾಸಿ ಮಲಗಿದ್ದೆವು.

ಸಾಮಾನಿನ ವಿಷಯದಲ್ಲಿ ತಿಪಟೂರಿನವರಿಗೆ ಒಂದು ವಿಶೇಷ ಸೂಚನೆ. ಒಣ ಕೊಬ್ಬರಿಯನ್ನು ವಿಮಾನದಲ್ಲಿ ಬಿಡುವುದಿಲ್ಲ, ಕೈಚೀಲದಲ್ಲೂ ಇಲ್ಲ, ಒಳಗೆ ಹಾಕುವ ಪೆಟ್ಟಿಗೆಯಲ್ಲೂ ಇಲ್ಲ. ಎಣ್ಣೆ ಅಂಶ ಹೆಚ್ಚು, ಬೆಂಕಿ ಹತ್ತೀತು ಅಂತ. ನಾದಿನಿ ಹತ್ತು ಗಿಟಕು ಕಟ್ಟಿಕೊಂಡು ಬಂದಿದ್ದಳು. "ತಿಪಟೂರು ಕೊಬ್ಬರಿಗೇ ಮರ್ಯಾದೆ ಇಲ್ಲವಾ?" ಎಂದು ಬೇಸರಪಟ್ಟಳು. ಸೊಸೆ ಮೊದಲೇ ವಿಚಾರಿಸಿದ್ದರಿಂದ ಅವು ದಾಸರಹಳ್ಳಿಯಲ್ಲೇ ಉಳಿದವು. ಬೆಂಕಿಪೊಟ್ಟಣವೂ ಕೂಡದು. ಚಟ್ನಿಪುಡಿ, ಮೆಂತ್ಯದ ಹಿಟ್ಟು, ಹುರಿದ ರವೆ, ಸಾರಿನ ಪುಡಿ ಒಯ್ಯಬಹುದು. ಹುಣಸೆ ಗೊಜ್ಜನ್ನು ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ ಪೆಟ್ಟಿಗೆಯೊಳಗಿಡಿ.

ನಮಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಗೊಜ್ಜವಲಕ್ಕಿ. ನಾಲ್ಕು ಲೋಟ ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ಸಣ್ಣರವೆಗಿಂತ ದಪ್ಪಗೆ ತರಿ ಮಾಡಿಕೊಳ್ಳಿ. ಎರಡು ನಿಂಬೆ ಗಾತ್ರದ ಹುಣಸೆಯ ಗಟ್ಟಿ ರಸಕ್ಕೆ ಉಪ್ಪು, ಅರಿಶಿನ, ಮೂರು ಚಮಚ ಸಾರಿನ ಪುಡಿ, ಒಂದು ಹಿಡಿ ಬೆಲ್ಲ ಹಾಕಿ ಎಣ್ಣೆ ಬಿಡುವವರೆಗೆ ಕುದಿಸಿ, ಕಡಲೆಕಾಯಿ ಬೀಜದ ಒಗ್ಗರಣೆ ಕೊಟ್ಟು ಆರಿಸಿ ತುಂಬಿಡಿ. ಬೇಕಾದಾಗ ಗೊಜ್ಜನ್ನು ಬಿಸಿನೀರಿಗೆ ಕದಡಿ ತರಿಗೆ ಬೆರೆಸಿ ಇಪ್ಪತ್ತು ನಿಮಿಷ ಮುಚ್ಚಿಟ್ಟರೆ ಆಯಿತು. ಮೇಲೆ ತುರಿಯಲು ದ್ವೀಪದಲ್ಲಿ ಹಸಿ ತೆಂಗಿನಕಾಯಿಗೆ ಬರವಿಲ್ಲ.

ಮೊದಲ ಎರಡು ರಾತ್ರಿ ಶ್ರೀ ವಿಜಯಪುರಂನಲ್ಲಿ ಇದ್ದೆವು. ಸೆಲ್ಯುಲರ್ ಜೈಲನ್ನು ಬಿಡಬೇಡಿ. 1906ರಲ್ಲಿ ಕಟ್ಟಿ ಮುಗಿಸಿದ್ದು, ಏಳು ಸಾಲುಗಳಲ್ಲಿ ಈಗ ಮೂರು ಉಳಿದಿವೆ. ಒಬ್ಬ ಕೈದಿ ಇನ್ನೊಬ್ಬನ ಮುಖ ನೋಡದ ಹಾಗೆ ಒಂದು ಸಾಲಿನ ಬಾಗಿಲು ಇನ್ನೊಂದು ಸಾಲಿನ ಬೆನ್ನಿಗೆ ಎದುರಾಗಿದೆ. ಅತ್ತೆಯವರು ಮೇಲೆ ಹತ್ತಲಿಲ್ಲ. ಕೆಳಗಿನ ಒಂದು ಕೋಣೆಯ ಬಾಗಿಲಲ್ಲಿ ನಿಂತು ಒಳಗಿನ ಎತ್ತರದ ಸಣ್ಣ ಕಿಂಡಿಯನ್ನು ಬಹಳ ಹೊತ್ತು ನೋಡಿದರು. "ಇವರ ತಾಯಂದಿರಿಗೆ ಕಾಗದವಾದ್ರೂ ಹೋಗ್ತಿತ್ತೇನೋ" ಅಂದರು. ಸಂಜೆಯ ಧ್ವನಿ–ಬೆಳಕಿನ ಪ್ರದರ್ಶನಕ್ಕೆ ಅವರನ್ನು ಕರೆದುಕೊಂಡು ಹೋಗಲಿಲ್ಲ. ಅಷ್ಟೇ ಸಾಕು ಅಂದರು.

ಅಲ್ಲಿಂದ ಶಹೀದ್ ದ್ವೀಪಕ್ಕೆ ಖಾಸಗಿ ವೇಗದ ಹಡಗುಗಳಿವೆ, ಸರ್ಕಾರಿ ಹಡಗೂ ಇದೆ. ಖಾಸಗಿಯದು ಬೇಗ, ತಂಪು ಹವೆಯ ಮುಚ್ಚಿದ ಕೋಣೆ, ಟಿಕೆಟ್ ದುಬಾರಿ. ಸರ್ಕಾರಿಯದು ಅಗ್ಗ, ಎರಡು ಗಂಟೆ ಹಿಡಿಯುತ್ತದೆ, ಗಾಳಿಗೆ ನಿಲ್ಲಬಹುದು. ವಾಂತಿ ಬರುವವರಿಗೆ ಮುಚ್ಚಿದ ಕೋಣೆಗಿಂತ ಗಾಳಿಯೇ ವಾಸಿ. ಹೊರಡುವ ಮುಂಚೆ ಖಾಲಿ ಹೊಟ್ಟೆಯೂ ಬೇಡ, ಪೂರಿ ಸಾಗುವೂ ಬೇಡ. ಎರಡು ಇಡ್ಲಿ, ಬಾಯಲ್ಲಿ ಒಂದು ಚೂರು ಶುಂಠಿ. ಹಡಗಿನ ನಡುಭಾಗದಲ್ಲಿ ಕುಳಿತು ದೂರದ ಗೆರೆ ನೋಡುತ್ತಿರಬೇಕು, ಮೊಬೈಲ್ ನೋಡಬಾರದು. ಮಾತ್ರೆಯನ್ನು ಡಾಕ್ಟರನ್ನು ಕೇಳಿ ಹೊರಡುವ ಮುಂಚೆಯೇ ತೆಗೆದುಕೊಳ್ಳಿ. ತಲೆ ತಿರುಗಲು ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ. ನಮ್ಮಲ್ಲಿ ಮಲಗಿದ್ದು ಯಾರು ಅಂದುಕೊಂಡಿರಿ? ವ್ಯಾಯಾಮಶಾಲೆಗೆ ಹೋಗುವ ಮಗರಾಯ. ಅತ್ತೆಯವರು ಕೋಡುಬಳೆ ಮುರಿಯುತ್ತ ಕುಳಿತಿದ್ದರು.

ಮನೆ ಹೇಳಿದ ಹಾಗೇ ಇತ್ತು. ಶೀಟಿನ ಮಾಡು, ಉದ್ದ ಜಗಲಿ, ಹಿಂದೆ ಅಡಿಕೆ ತೋಟ. ನಾದಿನಿ ಇಳಿದವಳೇ ಗೊನೆ ನೋಡಲು ಹೋದಳು. ಅಡಿಗೆಮನೆಯ ಮುಂದೆ ಸೊಸೆ ನನ್ನನ್ನು ತಡೆದಳು. "ಅತ್ತೆ, ಅಡಿಗೆಮನೆ ಇರ್ಲಿ ಅಂದಿದ್ದು ದೊಡ್ಡಜ್ಜಿ ಊಟಕ್ಕೆ. ನೀವು ಇದರೊಳಗೇ ಇರೋದಾದ್ರೆ ದಾಸರಹಳ್ಳಿಯಲ್ಲೇ ಇರಬಹುದಿತ್ತು." ಹತ್ತು ದಿನದ ಪ್ರವಾಸಕ್ಕೆ ಅಡಿಗೆಮನೆ ಇರುವ ಮನೆ ತೆಗೆದುಕೊಂಡರೆ ಖರ್ಚು ಉಳಿಯುವುದು ನಿಜ. ಉಳಿಸುವವಳು ಯಾರು ಎಂಬುದೇ ಪ್ರಶ್ನೆ. ಹಾಗೇ ಬಿಟ್ಟರೆ ಎರಡನೇ ದಿನಕ್ಕೆ ನಾವು ಅಲ್ಲೂ ಹುಳಿಗೆ ಬೇಳೆ ಇಡುತ್ತೇವೆ, ಸಮುದ್ರ ನೋಡುವವರು ಬೇರೆಯವರು. ಅಡಿಗೆಮನೆ ಇಲ್ಲದಿದ್ದರೂ ಆಗದು. ಮೊಟ್ಟೆ ಬೇಯಿಸಿದ ಪಾತ್ರೆಯಲ್ಲಿ ಅತ್ತೆಯವರು ಉಣ್ಣುವುದಿಲ್ಲ, ಮಗುವಿಗೆ ಹೊತ್ತಲ್ಲದ ಹೊತ್ತಲ್ಲಿ ಹಾಲು ಬೇಕು. ಕೊನೆಗೆ ಸೊಸೆಯೇ ಕಟ್ಟಳೆ ಮಾಡಿದಳು. ಬೆಳಗಿನ ತಿಂಡಿ ಹೊರಗೆ. ಮಧ್ಯಾಹ್ನ ಒಂದೇ ಅಡಿಗೆ, ಅನ್ನ, ಸಾರು, ಒಂದು ಪಲ್ಯ, ದಿನಕ್ಕೊಬ್ಬರ ಸರದಿ. ಪಾತ್ರೆ ತೊಳೆಯುವುದು ಗಂಡಸರು. ರಾತ್ರಿ ಗೊಜ್ಜವಲಕ್ಕಿ ಇಲ್ಲವೇ ಗಂಜಿ, ಬಾಳೆಹಣ್ಣು. ನಲವತ್ತು ವರ್ಷದಲ್ಲಿ ನಮ್ಮ ಯಜಮಾನರು ಕುಕ್ಕರಿನ ತಳ ಉಜ್ಜಿದ್ದನ್ನು ನಾನು ನೋಡಿದ್ದು ಬಂಗಾಳ ಕೊಲ್ಲಿಯ ನಡುವೆ.

ಆ ದೇಶದಲ್ಲಿ ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಬೇರೆ. ಅಷ್ಟು ಪೂರ್ವಕ್ಕಿರುವುದರಿಂದ ಏಪ್ರಿಲಿನಲ್ಲಿ ಬೆಳಗ್ಗೆ ಐದಕ್ಕೆಲ್ಲ ಬೆಳಕು, ಸಂಜೆ ಐದೂವರೆಗೆ ಸೂರ್ಯಾಸ್ತ. ಐದಕ್ಕೇ ಏಳುವ ಅಭ್ಯಾಸದ ಅತ್ತೆಯವರಿಗೂ ಮೊಮ್ಮಗನಿಗೂ ಅದು ಒಗ್ಗಿತು. ಬೆಳಗ್ಗೆ ಆರರಿಂದ ಎಂಟು ಕಡಲತೀರ, ಹನ್ನೊಂದರ ಮೇಲೆ ಯಾರೂ ಹೊರಗಿಲ್ಲ. ಮಕ್ಕಳಿಗೆ ಭರತಪುರದ ನೀರು ಆಳವಿಲ್ಲದ್ದು, ಇಳಿತದ ಹೊತ್ತಿನಲ್ಲಿ ಬಲುದೂರ ಹಿಂದೆ ಸರಿಯುತ್ತದೆ. ಸತ್ತ ಹವಳ ಬ್ಲೇಡಿನ ಹಾಗೆ ಕುಯ್ಯುತ್ತದೆ, ಹಿಂಭಾಗ ಮುಚ್ಚಿದ ರಬ್ಬರಿನ ಚಪ್ಪಲಿ ಹಾಕಿಸಿ. ಸೂರ್ಯಾಸ್ತಕ್ಕೆ ಲಕ್ಷ್ಮಣಪುರ. ಅಲ್ಲಿಯ ಕಲ್ಲಿನ ಸೇತುವೆ ನೋಡಲು ಜಾರುವ ಬಂಡೆಗಳ ಮೇಲೆ ನಡೆಯಬೇಕು, ಹಿರಿಯರು ಹೋಗದಿದ್ದರೆ ನಷ್ಟವಿಲ್ಲ. ಅಂಡಮಾನಿನ ಕೆಲವು ಕಡಲತೀರ, ಕೊಲ್ಲಿಗಳಲ್ಲಿ ಮೊಸಳೆ ಇದೆ ಎಂಬ ಫಲಕಗಳಿವೆ. ಅದನ್ನು ತಮಾಷೆ ಎಂದುಕೊಳ್ಳಬೇಡಿ.

ಸೊಸೆಗೆ ನಾಲ್ಕು ದಿನ ಮಾತ್ರ ರಜೆ. ಉಳಿದ ದಿನ ಜಗಲಿಯ ಮೂಲೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ವೈಟ್‌ಫೀಲ್ಡಿನ ಕೆಲಸ ಮಾಡಿದಳು. ಚೆನ್ನೈಯಿಂದ ಸಮುದ್ರದಡಿಯ ತಂತಿ 2020ರಲ್ಲಿ ಬಂದ ಮೇಲೆ ಅಲ್ಲಿ ಇಂಟರ್‌ನೆಟ್ ಸುಧಾರಿಸಿದೆಯಂತೆ. ಆದರೂ ಕೈಕೊಡುತ್ತದೆ, ಹೀಗೆ ಕೆಲಸ ಒಯ್ಯುವವರು ಆಫೀಸಿನಲ್ಲಿ ಮೊದಲೇ ಹೇಳಿರುವುದು ಒಳ್ಳೆಯದು. ಅವಳು ದಿನಕ್ಕೆ ಎಷ್ಟು ಜನರ ಹತ್ತಿರ ಎಷ್ಟು ಸಮಾಧಾನದಿಂದ ಮಾತಾಡುತ್ತಾಳೆಂದು ನಾನು ನೋಡಿದ್ದೇ ಅಲ್ಲಿ. ಸಂಜೆ ಅವಳು ಮನೆಗೆ ಫೋನ್ ಮಾಡದೇ ಇರುವುದಕ್ಕೆ ಇನ್ನು ಮೇಲೆ ನಾನು ಮುನಿಸಿಕೊಳ್ಳಲಾರೆ.

ಮನೆಯೊಡತಿ ಬಂಗಾಳಿ. ಅವರ ಅತ್ತೆ ಮಗುವಾಗಿದ್ದಾಗ ತಂದೆತಾಯಿಯ ಜೊತೆ ಹಡಗಿನಲ್ಲಿ ಬಂದವರು. ಆ ಅಜ್ಜಿಗೆ ಬಂಗಾಳಿ, ನಮ್ಮ ಅತ್ತೆಯವರಿಗೆ ಕನ್ನಡ. ಇಬ್ಬರೂ ಮಧ್ಯಾಹ್ನ ಜಗಲಿಯಲ್ಲಿ ಎಲೆಅಡಿಕೆ ಹಾಕಿಕೊಂಡು ಗಂಟೆಗಟ್ಟಲೆ ಮಾತಾಡುವರು! ಏನು ಮಾತಾಡಿದಿರ್ರೀ ಅಂದರೆ, "ಅವರ ಸೊಸೆ ಒಳ್ಳೆಯವಳಂತೆ" ಅನ್ನುವರು. ಸೋರೆಕಾಯಿಗೆ ಜೀರಿಗೆ, ಮೆಂತ್ಯ, ಸಾಸಿವೆ, ಸೋಂಪು, ಕರಿಜೀರಿಗೆ ಐದೂ ಸೇರಿಸಿದ ಒಗ್ಗರಣೆ ಕೊಡುವುದನ್ನು ನಾನು ಅಲ್ಲಿ ಕಲಿತೆ. ಅವರಿಗೆ ಮೆಂತ್ಯದ ಹಿಟ್ಟು ಕೊಟ್ಟು ಬಂದೆ.

ನಾಲ್ಕನೇ ದಿನ ಮಗ, ಸೊಸೆ, ಮಗು ಸ್ವರಾಜ್ ದ್ವೀಪಕ್ಕೆ ಹೋಗಿ ಒಂದು ರಾತ್ರಿ ಅಲ್ಲೇ ಉಳಿದರು. ಹಡಗಿನಲ್ಲಿ ಒಂದು ಗಂಟೆಯೂ ಆಗದು. ಎಲ್ಲರೂ ಎಲ್ಲವನ್ನೂ ನೋಡಲೇಬೇಕೆಂಬ ಹಟ ನಮಗಿರಲಿಲ್ಲ. ಮಗಳು "ನಾನು ಇಲ್ಲೇ ಇರ್ತೀನಿ" ಅಂದಳು. ಆ ರಾತ್ರಿ ಊಟವಾದ ಮೇಲೆ ಕರೆಂಟು ಹೋಯಿತು. ಜನರೇಟರ್ ಹಾಕಿಸಲು ಹೋದ ಯಜಮಾನರು ಜೆಟ್ಟಿಯ ಕಡೆ ಅಡ್ಡಾಡಿ ಬರುತ್ತೇನೆಂದು ಹೋದರು. ಅತ್ತೆಯವರು, ನಾದಿನಿ, ನಾನು, ಮಗಳು ಕತ್ತಲಲ್ಲಿ ಜಗಲಿಯ ಮೇಲೆ ಕಾಲು ಚಾಚಿ ಕುಳಿತಿದ್ದೆವು. ಯಾರೂ ಏನೂ ಕೇಳಿರಲಿಲ್ಲ. "ಅಮ್ಮಾ, ಫೆಬ್ರವರಿಯಲ್ಲೇ ನನ್ನ ಕೆಲಸ ಹೋಯ್ತು" ಅಂದಳು. ಒಂದೇ ದಿನ ಬಹಳ ಜನರನ್ನು ತೆಗೆದರಂತೆ. ಎರಡು ತಿಂಗಳಿಂದ ನಾನು ಫೋನ್ ಮಾಡಿದಾಗಲೆಲ್ಲ "ಮೀಟಿಂಗಲ್ಲಿದ್ದೀನಿ" ಅಂದದ್ದು ಬರೀ ಸುಳ್ಳು. ಅಳಿಯಂದಿರು ರಜೆ ಸಿಗಲಿಲ್ಲ ಅಂದದ್ದಕ್ಕೂ ಕಾರಣ ಇದೇ, ಒಬ್ಬರ ಸಂಬಳದಲ್ಲಿ ಮನೆಯ ಸಾಲದ ಕಂತು ಹೋಗಬೇಕಲ್ಲ. ಹಬ್ಬದ ದಿನ ಹೇಳೋಣ ಅಂದುಕೊಂಡಳಂತೆ, ಒಂದು ಊಟದ ಹೊತ್ತಿನಲ್ಲಿ ಹೇಳುವ ಮಾತಾಗಿರಲಿಲ್ಲವಂತೆ.

ನನಗೆ ಬಾಯೇ ಬರಲಿಲ್ಲ. ಅತ್ತೆಯವರು ಕತ್ತಲಲ್ಲೇ ಅವಳ ಕಾಲು ಹುಡುಕಿ ತಮ್ಮ ಮಡಿಲಿಗೆ ಎಳೆದುಕೊಂಡು ಒತ್ತತೊಡಗಿದರು. "ನಿಮ್ಮಜ್ಜನ ಮಿಲ್ಲು ಮುಚ್ಚಿದಾಗ ಆರು ತಿಂಗಳು ರಾಗಿ ಗಂಜಿ ಕುಡಿದ್ವಿ ಕಣೇ. ನಿಮ್ಮಪ್ಪ ದಪ್ಪ ಆಗಿದ್ದು ಆವಾಗ್ಲೇ" ಅಂದರು. ನಾದಿನಿ ನಕ್ಕಳು, ಮಗಳು ಅತ್ತಳು. ಕರೆಂಟು ಬಂದದ್ದು ಹನ್ನೊಂದಕ್ಕೆ. ಆ ಹೊತ್ತಿಗೆ ಅವಳ ಸಾಲ ಎಷ್ಟು, ಚಿನ್ನ ಎಷ್ಟಿದೆ, ಎಷ್ಟು ತಿಂಗಳು ತಡೆಯಬಹುದು ಎಂಬ ಲೆಕ್ಕವನ್ನೆಲ್ಲ ನಾವು ಬಾಯಲ್ಲೇ ಮಾಡಿ ಮುಗಿಸಿದ್ದೆವು. ಯಜಮಾನರಿಗೆ ಮರುದಿನ ಅವಳೇ ಹೇಳಿದಳು. ಅವರು "ಹೂಂ" ಅಂದು ಪಾತ್ರೆ ತೊಳೆಯಲು ಹೋದರು. ಉಳಿದ ದಿನಗಳಲ್ಲಿ ಅಪ್ಪ ಮಗಳು ಬೆಳಗ್ಗೆ ಐದೂವರೆಗೆ ಸೀತಾಪುರದ ತನಕ ನಡೆದು ಹೋಗಿಬರುತ್ತಿದ್ದರು.

ಹಿಂದಿರುಗುವ ಬಗ್ಗೆ ಎರಡು ಮಾತು. ವಿಮಾನದ ಹಿಂದಿನ ದಿನವೇ ಶ್ರೀ ವಿಜಯಪುರಂ ಸೇರಿರಿ. ಸಮುದ್ರ ಕೆರಳಿದರೆ ಹಡಗು ಹೊರಡುವುದಿಲ್ಲ, ವಿಮಾನ ನಿಮಗಾಗಿ ಕಾಯುವುದಿಲ್ಲ. ಖಾಯಿಲೆಗೆ ದ್ವೀಪಗಳಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರವಿದೆ, ದೊಡ್ಡ ಆಸ್ಪತ್ರೆ ಪಟ್ಟಣದಲ್ಲೇ. ಬಿಪಿ, ಸಕ್ಕರೆ ಮಾತ್ರೆಗಳನ್ನು ಹತ್ತು ದಿನಕ್ಕೆ ಬದಲು ಹದಿನೈದು ದಿನಕ್ಕೆ ಕಟ್ಟಿಕೊಂಡು ಹೋಗಿ. ಕೈಯಲ್ಲಿ ಸ್ವಲ್ಪ ನಗದು ಇರಲಿ.

ಹವಳದ ಚೂರು, ಚಿಪ್ಪು, ಕವಡೆ ಆರಿಸಿ ತರಬಾರದು. ವನ್ಯಜೀವಿ ಕಾಯಿದೆಯಲ್ಲಿ ಹವಳಕ್ಕೂ ಹಲವು ಬಗೆಯ ಚಿಪ್ಪಿಗೂ ರಕ್ಷಣೆಯಿದೆ, ವಿಮಾನ ನಿಲ್ದಾಣದಲ್ಲಿ ತಪಾಸಣೆಯಾಗುತ್ತದೆ. ಮೊಮ್ಮಗನ ಚಡ್ಡಿಯ ಜೇಬನ್ನು ಹೊರಡುವ ಬೆಳಗ್ಗೆ ಭರತಪುರದ ಮರಳಿನಲ್ಲೇ ಖಾಲಿ ಮಾಡಿಸಿದೆವು. ಅಳುತ್ತ ಒಂದೊಂದಾಗಿ ಎಸೆದ. ಅತ್ತೆಯವರೂ ಸೆರಗಿನ ಗಂಟು ಬಿಚ್ಚಿ ಎರಡು ಕವಡೆ ತೆಗೆದು ಅವನ ಕೈಗೆ ಕೊಟ್ಟರು, ಅವನ್ನೂ ಎಸೆದ. ಹಡಗು ಒಂಬತ್ತೂವರೆಗಿತ್ತು. ಮಗನಿಗೆ ಈ ಸಲ ಮಾತ್ರೆಯನ್ನು ಮುಂಚೆಯೇ ನುಂಗಿಸಿದ್ದೆವು.